ಮ್ಯಾಗಝಿನ್ ಎಂಬ ಉಗ್ರಾಣ

ಮಾಸಪತ್ರಿಕೆಯನ್ನು ನಾವು ಮಾತಿನ ನಡುವೆ ಮ್ಯಾಗಝಿನ್ ಎನ್ನುತ್ತೇವೆ. ಬಂದೂಕಿಗೆ ಗುಂಡು ಒದಗಿಸುವ ಪೆಟ್ಟಿಗೆಗೂ ಇದೇ ಹೆಸರು. ಓದುವ ಪತ್ರಿಕೆಗೂ ಕೊಲ್ಲುವ ಗುಂಡಿಗೂ ಎಲ್ಲಿಯ ನಂಟು?

ನಂಟಿನ ಬೇರು ಅರಬಿ ಭಾಷೆಯಲ್ಲಿದೆ. ಕೂಡಿಡು ಎಂಬರ್ಥದ ಧಾತುವಿನಿಂದ ಉಗ್ರಾಣ ಎನ್ನುವ ‘ಮಖ್ಝನ್’ ಹುಟ್ಟಿತು. ಅದರ ಬಹುವಚನ ‘ಮಖಾಝಿನ್’. ಮೆಡಿಟರೇನಿಯನ್ ಸಮುದ್ರದ ವ್ಯಾಪಾರದ ದಾರಿಯಲ್ಲಿ ಈ ಪದ ಇಟಲಿಗೆ ಹೋಗಿ ‘ಮಗಝ್ಝಿನೊ’ ಆಯಿತು, ಫ್ರಾನ್ಸಿನಲ್ಲಿ ‘ಮಗಝೆಂ’ ಆಯಿತು. ಫ್ರೆಂಚರಿಗೆ ಇಂದಿಗೂ ಹಾಗೆಂದರೆ ಅಂಗಡಿ. ಮೊರೊಕ್ಕೊದವರಿಗೆ ಮಖ್ಝನ್ ಎಂದರೆ ಆಳುವ ವ್ಯವಸ್ಥೆಯೇ! 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಅದು ಸರಕಿನ ಗೋದಾಮು. ಕ್ರಮೇಣ ಆ ಗೋದಾಮಿನೊಳಗೆ ಮದ್ದುಗುಂಡು ಸೇರಿಕೊಂಡಿತು.

1731ರಲ್ಲಿ ಲಂಡನ್ನಿನ ಎಡ್ವರ್ಡ್ ಕೇವ್ ಹಲವು ಪತ್ರಿಕೆಗಳ ಬರಹಗಳನ್ನು ಒಂದೆಡೆ ಕೂಡಿಸಿ ‘ದಿ ಜಂಟಲ್‌ಮನ್ಸ್ ಮ್ಯಾಗಝಿನ್’ ಹೊರಡಿಸಿದ. ಅಂದಿನಿಂದ ನಿಯತಕಾಲಿಕೆಗಳಿಗೆ ಆ ಹೆಸರು ಅಂಟಿತು. 1901ರಲ್ಲಿ ಶೇಖ್ ಅಬ್ದುಲ್ ಖಾದಿರ್ ಲಾಹೋರಿನಲ್ಲಿ ಉರ್ದು ಮಾಸಪತ್ರಿಕೆ ಆರಂಭಿಸಿ ‘ಮಖ್ಝನ್’ ಎಂದೇ ಹೆಸರಿಟ್ಟರು. ಇಕ್ಬಾಲರ ‘ಹಿಮಾಲಾ’ ಕವನ ಅದರ ಮೊದಲ ಸಂಚಿಕೆಯಲ್ಲಿ ಬಂತು. ಲೋಕ ಸುತ್ತಿದ ಪದ ಹೀಗೆ ಹಳೆಯ ಹೆಸರಿನಲ್ಲೇ ಮನೆಗೆ ಮರಳಿತು.

ಆದರೆ ಈ ದೇಶ ಅದರ ಇನ್ನೊಂದು ಮುಖವನ್ನೂ ಕಂಡಿದೆ. 1857ರ ಮೇ 11ರಂದು ದಂಗೆಯೆದ್ದ ಸಿಪಾಯಿಗಳು ಮುತ್ತಿದಾಗ, ದಿಲ್ಲಿಯ ಕಾಶ್ಮೀರಿ ಗೇಟಿನ ಸಮೀಪವಿದ್ದ ಮ್ಯಾಗಝಿನ್‌ಗೆ ಕಂಪನಿಯ ಅಧಿಕಾರಿಗಳೇ ಬೆಂಕಿಯಿಟ್ಟರು. ಅನೇಕ ಜೀವಗಳು ಸುಟ್ಟುಹೋದವು. ಅದರ ಹೆಬ್ಬಾಗಿಲು ಮಾತ್ರ ಇನ್ನೂ ನಿಂತಿದೆ.

ಅರಬಿ ಪದಗಳು ಪರಕೀಯ ಎಂದು ಮೂಗು ಮುರಿಯುವವರಿದ್ದಾರೆ. ಅವರೂ ಸರ್ಕಾರದ ಖಜಾನೆಗೆ ತೆರಿಗೆ ಕಟ್ಟುತ್ತಾರೆ, ಸಂಘದ ಖಜಾಂಚಿಯನ್ನು ಆರಿಸುತ್ತಾರೆ. ಖಜಾನೆಯೂ ಮ್ಯಾಗಝಿನ್ನೂ ಒಂದೇ ಬೇರಿನ ಚಿಗುರುಗಳು. ಯಾವ ಭಾಷೆಯೂ ಬಾಗಿಲು ಹಾಕಿಕೊಂಡು ಬದುಕಿಲ್ಲ; ಕನ್ನಡವೂ ಅಷ್ಟೆ.

ಕುರ್‌ಆನ್‌ನ ಯೂಸುಫ್ ಅಧ್ಯಾಯದಲ್ಲಿ ಇದೇ ಧಾತುವಿನ ‘ಖಝಾಇನ್’ ಎಂಬ ಪದವಿದೆ. ಪ್ರವಾದಿ ಯೂಸುಫ್(ಅ) ಈಜಿಪ್ಟಿನ ಅರಸನಲ್ಲಿ ಕೇಳಿಕೊಂಡದ್ದು ನಾಡಿನ ಉಗ್ರಾಣಗಳ ಹೊಣೆಯನ್ನು. ಸುಭಿಕ್ಷೆಯ ಏಳು ವರ್ಷ ಕೂಡಿಟ್ಟ ಧಾನ್ಯ ಬರಗಾಲದ ಏಳು ವರ್ಷ ಜನರನ್ನು ಸಲಹಿತು. ದೂರದ ಊರುಗಳಿಂದ ಹಸಿದು ಬಂದವರಿಗೂ, ಅವರನ್ನು ಬಾವಿಗೆ ತಳ್ಳಿದ್ದ ಅಣ್ಣಂದಿರಿಗೂ ಅದರಲ್ಲಿ ಪಾಲು ಸಿಕ್ಕಿತು.

ಪದ ಬರಿಯ ಉಗ್ರಾಣ. ಅದರಲ್ಲಿ ಕಾಳು ತುಂಬಬೇಕೋ ಮದ್ದು ತುಂಬಬೇಕೋ ಎಂಬುದು ಬೀಗದ ಕೈ ಹಿಡಿದವರಿಗೆ ಬಿಟ್ಟದ್ದು. ಬರೆಯುವ ನಾವೂ ಅಂಥ ಬೀಗದ ಕೈ ಹಿಡಿದವರೇ.