ಉಕ್ಕಿನ ಖಡ್ಗಕ್ಕೆ ಕಪ್ಪು ಬರಿಸುವ ಮನೆಯ ವಿಧಾನಗಳು: ಒಂದು ಟಿಪ್ಪಣಿ

ಬಾಳೆಕಾಯಿ ಹೆಚ್ಚಿದ ಈಳಿಗೆಮಣೆಯ ಅಲಗು ಕಪ್ಪಾಗುತ್ತದೆ. ಕಾಯಿಯ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಕೂಡಿ ನೀಲಿಗಪ್ಪು ಬಣ್ಣ ತಾಳುವುದೇ ಇದಕ್ಕೆ ಕಾರಣ. ಅಳಲೆಕಾಯಿ, ಅನ್ನಭೇದಿ ಬೆರೆಸಿ ಮಾಡುತ್ತಿದ್ದ ಮಸಿಯ ಕಪ್ಪೂ ಇದೇ. ಖಡ್ಗವನ್ನು ಕಪ್ಪಾಗಿಸುವಾಗಲೂ ಬದಲಾಗಬೇಕಾದ್ದು ಇಷ್ಟೇ ತೆಳುವಾದ ಮೇಲ್ಪದರ. ಕೇಡು ಬರುವುದು ಹೆಚ್ಚಾಗಿ ಬೆಂಕಿಯಿಂದ ಮತ್ತು ಆಮ್ಲದಿಂದ.

ಹೊಳಪಿನ ಉಕ್ಕನ್ನು ಕಾಯಿಸಿದರೆ ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಸುಹಳದಿ, 300ರ ಆಸುಪಾಸಿನಲ್ಲಿ ನೀಲಿ ಮೂಡುತ್ತದೆ. ಚೆಂದವೇನೋ ಹೌದು. ಆದರೆ ಅಲಗಿಗೆ ಕೊಟ್ಟ ಹದದ ಶಾಖವೂ ಸಾಮಾನ್ಯವಾಗಿ ಇದರ ನೆರೆಯದೇ. ಅದನ್ನು ಮೀರಿದರೆ ಗಡಸುತನ ಇಳಿಯುತ್ತದೆ. ಮರಳಿ ಪಡೆಯಲು ಕುಲುಮೆಗೇ ಹೋಗಬೇಕು. ಗ್ಯಾಸ್ ಒಲೆಯ ಉರಿಯಲ್ಲಿ ದಪ್ಪ ಬೆನ್ನಿಗಿಂತ ತೆಳು ಬಾಯಿ ಬೇಗ ಕಾಯುವುದರಿಂದ ಮೊದಲು ಕೆಡುವುದೂ ಅದೇ.

ಬಂದೂಕಿನ ನಳಿಗೆಗಳಿಗೆ ಹಿಂದಿನಿಂದ ಬಳಸಿದ ತುಕ್ಕು-ಕುದಿ ವಿಧಾನದಲ್ಲಿ ಈ ಭಯವಿಲ್ಲ. ಜಿಡ್ಡನ್ನು ಅಸಿಟೋನ್‌ನಿಂದ ಒರೆಸಿ, ತೇವದ ಗಾಳಿಯಲ್ಲಿ ಸಮನಾಗಿ ತೆಳ್ಳನೆ ತುಕ್ಕು ಬರಿಸಿ, ಭಟ್ಟಿ ಇಳಿಸಿದ ನೀರಿನಲ್ಲಿ ಕುದಿಸಿದರೆ ಕೆಂಪು ತುಕ್ಕು ಕಪ್ಪು ಮ್ಯಾಗ್ನೆಟೈಟ್ ಆಗುತ್ತದೆ. ಸಡಿಲ ಪುಡಿಯನ್ನು ನಯವಾದ ಸ್ಟೀಲ್ ವುಲ್‌ನಿಂದ ತೆಗೆದು ಇದನ್ನೇ ಹಲವು ಸಲ ಮಾಡಬೇಕು. ಶಾಖ 100 ಡಿಗ್ರಿ ದಾಟುವುದಿಲ್ಲ. ತೊಡಕೆಂದರೆ, ನಮ್ಮ ಹಳೆಯ ತಲವಾರುಗಳ ಹಿಡಿಯೊಳಗೆ ಅಲಗನ್ನು ಅರಗಿನಂಥ ಅಂಟಿನಿಂದ ಕೂರಿಸಿರುತ್ತಾರೆ. ಕುದಿನೀರಿಗೆ ಅದು ಮೆತ್ತಗಾಗುತ್ತದೆ. ಅಂಥ ಕಟ್ಟಿನ ಹೊಸ ಖಡ್ಗಕ್ಕೆ ಆರಿಸಿದ ಗಟ್ಟಿ ಚಹಾ ಡಿಕಾಕ್ಷನ್‌ಗೆ ತುಸು ವಿನಿಗರ್ ಸೇರಿಸಿ ಬಟ್ಟೆಯಿಂದ ಹಚ್ಚುವುದೇ ಲೇಸು. ಬಣ್ಣ ನಿಧಾನ, ಬೂದುಗಪ್ಪು. ಬೇಡವೆನಿಸಿದರೆ ಪಾಲಿಶ್ ಮಾಡಿ ತೆಗೆಯಬಹುದು.

ಸರ್ಕಿಟ್ ಬೋರ್ಡ್ ಕೆತ್ತಲು ಬಳಸುವ ಫೆರಿಕ್ ಕ್ಲೋರೈಡ್ ನಿಮಿಷಗಳಲ್ಲಿ ಕೆಲಸ ಮುಗಿಸುತ್ತದೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ತಯಾರಿಕೆಯನ್ನು ದಾಖಲಿಸಿದ ಮೂಸೆಯುಕ್ಕಿನಂಥದ್ದರಲ್ಲಿ ಇಂಥ ದ್ರಾವಣಕ್ಕೆ ಬೇರೆಯೇ ಕೆಲಸವಿದೆ: ಸಿಮೆಂಟೈಟ್ ಬಿಳಿಯಾಗಿ ಉಳಿದು ಸುತ್ತಲಿನ ಭಾಗ ಕಪ್ಪಾಗಿ, ಅಲೆಯಲೆಯ ವಿನ್ಯಾಸ ಎದ್ದು ಕಾಣುತ್ತದೆ. ಸಾದಾ ಉಕ್ಕಿನಲ್ಲಿ ಅಂಥ ಲಾಭವಿಲ್ಲ. ದ್ರಾವಣ ತೆಳುವಿರಲಿ, ಕೈಗವಸಿರಲಿ. ಕೊನೆಗೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರದಿದ್ದರೆ ಉಳಿದ ಕ್ಲೋರೈಡ್ ಗುಳಿಗುಳಿಯಾಗಿ ಕೊರೆಯುತ್ತದೆ. ಪ್ರಬಲ ಆಮ್ಲವಂತೂ ಗಡಸು ಉಕ್ಕಿನೊಳಕ್ಕೆ ಹೈಡ್ರೋಜನ್ ಸೇರಿಸಿ ಅದನ್ನು ಪೆಡಸಾಗಿಸೀತು.

ಬೀದರ್ ಕೋಟೆಯ ಮಣ್ಣು, ನವಸಾಗರಗಳ ಬಿದ್ರಿ ಮಿಶ್ರಣವನ್ನು ಇಲ್ಲಿಗೆ ತರುವಂತಿಲ್ಲ. ಬಿದ್ರಿ ಬಹುಪಾಲು ಸತು. ಉಕ್ಕಿಗೆ ನವಸಾಗರ ತಗುಲಿದರೆ ಬರುವುದು ಬರೀ ತುಕ್ಕು. ಸ್ಟೇನ್‌ಲೆಸ್ ಅಲಗಿನ ಮೇಲೆ ಚಹಾ, ವಿನಿಗರ್ ಎರಡೂ ನಡೆಯವು, ಕ್ರೋಮಿಯಂ ಪದರ ತಡೆಯುತ್ತದೆ.

ಮನೆತನದ ಹಳೆಯ ಖಡ್ಗದ ಮಾತೇ ಬೇರೆ. ಅದರ ಮೇಲಿನ ಕಪ್ಪು ಸ್ವತಃ ಒಂದು ಪುರಾವೆ, ಮತ್ತು 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ಕರಕುಶಲ ವಸ್ತು ಪ್ರಾಚ್ಯವಸ್ತುವೇ. ಅದಕ್ಕೆ ಚಹಾವನ್ನೂ ಮುಟ್ಟಿಸದೆ ಸಂರಕ್ಷಣಾ ತಜ್ಞರಿಗೆ ತೋರಿಸಿ.