ಪ್ರಶ್ನೆಯ ಮುಂದಿಟ್ಟ ವಚನ: ಶೂನ್ಯಸಂಪಾದನೆಯ ಸಂವಾದಕ್ರಮ

12ನೆಯ ಶತಮಾನದ ವಚನಗಳನ್ನು ನಾವಿಂದು ಬಹುಮಟ್ಟಿಗೆ ಬಿಡಿಬಿಡಿಯಾಗಿಯೇ ಓದುತ್ತೇವೆ. ಹೊರನಾಡಿನಲ್ಲಿ ಬೆಳೆದ ಅನೇಕರಿಗೆ ಅವುಗಳ ಮೊದಲ ಪರಿಚಯ ಎ.ಕೆ. ರಾಮಾನುಜನ್ ಅವರ 1973ರ ಇಂಗ್ಲಿಷ್ ಅನುವಾದ ‘ಸ್ಪೀಕಿಂಗ್ ಆಫ್ ಶಿವ’ದ ಮೂಲಕ ಆಗಿರುತ್ತದೆ. ಅಲ್ಲಿ ವಚನವು ಏಕಾಂತದ ಭಾವಗೀತೆಯಂತೆ ಕಾಣುತ್ತದೆ. ಇರುವವರು ಭಕ್ತ ಮತ್ತು ದೈವ, ಇಬ್ಬರೇ. ಮಾರ್ಟಿನ್ ಬೂಬರ್ 1923ರಲ್ಲಿ ಪ್ರಕಟಿಸಿದ ‘ನಾನು ಮತ್ತು ನೀನು’ ಗ್ರಂಥದ ಪರಿಭಾಷೆ ಈ ಓದಿಗೆ ಸುಲಭವಾಗಿ ಒಗ್ಗುತ್ತದೆ. ಆತನಿಗೆ ದೈವವು ವಿವರಣೆಗೆ ಸಿಕ್ಕುವ ವಸ್ತುವಲ್ಲ, ಸಂಬೋಧನೆಗೆ ಓಗೊಡುವ ‘ನೀನು’. ವಚನದ ಅಂಕಿತವೂ ಅಂಥದೇ ಸಂಬೋಧನೆ.

ಆದರೆ ಕನ್ನಡದಲ್ಲಿಯೇ ಇನ್ನೊಂದು ಬಗೆಯ ಓದಿನ ಪರಂಪರೆಯಿದೆ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಸಂಪಾದಿಸಿದ ‘ಶೂನ್ಯಸಂಪಾದನೆ’ ವಚನಗಳನ್ನು ಸಂವಾದವಾಗಿ ಜೋಡಿಸಿತು. ಯಾರು ಯಾರಿಗೆ ಯಾವ ಸಂದರ್ಭದಲ್ಲಿ ನುಡಿದರೆಂಬುದನ್ನು ನಡುನಡುವೆ ಸಂಪಾದಕನ ಗದ್ಯ ತಿಳಿಸುತ್ತದೆ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಪರೀಕ್ಷಿಸುವ ಪ್ರಸಂಗ ಪ್ರಸಿದ್ಧವಾದುದು. ಉಡುಗೆಯನ್ನು ತೊರೆದವಳು ಕೂದಲಿನಿಂದ ಮೈಯನ್ನೇಕೆ ಮರೆಮಾಡಿದಳೆಂಬುದು ಆತನ ಪ್ರಶ್ನೆ. ಕಾಮನ ಗುರುತು ಕಂಡು ನೋಡುವವರಿಗೆ ನೋವಾದೀತೆಂದು ಮರೆಮಾಡಿದೆನೆಂಬುದು ಆಕೆಯ ಉತ್ತರದ ಭಾವ. ಬಿಡಿಯಾಗಿ ಓದಿದರೆ ಅದು ವೈರಾಗ್ಯದ ನಿವೇದನೆ. ಪ್ರಶ್ನೆಯ ಮುಂದಿಟ್ಟು ಓದಿದರೆ ಸಭೆಯತ್ತ ತಿರುಗುವ ವಾದ. ಪರೀಕ್ಷೆಗೆ ಒಳಗಾದುದು ಆಕೆಯ ದೇಹ, ಬಯಲಾದುದು ನೋಡುವವರ ಕಣ್ಣು. ಇಲ್ಲಿ ‘ನೀನು’ ಎಂಬುದು ಒಂದಲ್ಲ, ಎರಡು: ಎದುರಿಗಿರುವ ಪ್ರಭು, ಅಂಕಿತದ ಚೆನ್ನಮಲ್ಲಿಕಾರ್ಜುನ.

ಪಠ್ಯವೊಂದನ್ನು ಅರಿಯುವುದೆಂದರೆ ಅದು ಯಾವ ಪ್ರಶ್ನೆಗೆ ಉತ್ತರವೆಂಬುದನ್ನು ಅರಿಯುವುದು. ಹೀಗೆಂದು ಜರ್ಮನ್ ತತ್ತ್ವಜ್ಞ ಹಾನ್ಸ್ ಗಿಯಾರ್ಗ್ ಗಾಡಮರ್ 1960ರ ‘ಸತ್ಯ ಮತ್ತು ವಿಧಾನ’ದಲ್ಲಿ ಕಾಲಿಂಗ್‌ವುಡ್‌ನ ವಿಚಾರವನ್ನು ಮುಂದುವರಿಸಿ ವಾದಿಸಿದರು. ಶೂನ್ಯಸಂಪಾದನೆಕಾರರು ಮಾಡಿದ್ದು ಬಹುತೇಕ ಇದನ್ನೇ. ಆದರೆ ಅವರು ಪ್ರಶ್ನೆಯನ್ನು ಹುಡುಕಿದರೋ, ಕಟ್ಟಿದರೋ? ವಚನಕಾರರಿಗೂ ಅವರಿಗೂ ನಡುವೆ ಸುಮಾರು ಮೂರು ಶತಮಾನಗಳ ಅಂತರವಿದೆ. ಮಹಾದೇವಯ್ಯನ ಬಳಿಕ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ಅದೇ ಕೃತಿಯನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆ ಆಯಿತೇ ಎಂಬ ವಿಷಯದಲ್ಲಿ ಈ ಪರಿಷ್ಕರಣಗಳು ಒಮ್ಮತದಲ್ಲಿಲ್ಲ. ಹಿಂದಿನವರ ನುಡಿಗೆ ತಮ್ಮ ಕಾಲದ ಪ್ರಶ್ನೆಯನ್ನು ಒಡ್ಡಿದುದಕ್ಕೆ ಇದೇ ಸಾಕ್ಷಿ.

ಆದುದರಿಂದ ಶೂನ್ಯಸಂಪಾದನೆಯನ್ನು ಕಲ್ಯಾಣದ ಅನುಭವಮಂಟಪದಲ್ಲಿ ಬರೆದಿಟ್ಟ ವರದಿಯೆಂದು ಓದಲಾಗದು. ಹಾಗೆಂದು ಕಟ್ಟುಕತೆಯೆಂದು ಬದಿಗಿಡುವುದೂ ಸಲ್ಲದು. ಅದು ವಚನಗಳನ್ನು ಅರ್ಥಮಾಡಿಕೊಂಡ ಬಗೆಯ ಇತಿಹಾಸ. ನಾವಿಂದು ಸಹಜವೆಂದು ಬಗೆಯುವ ‘ಬಿಡಿ ವಚನ’ವೂ ಅದೇ ಇತಿಹಾಸದ ಇನ್ನೊಂದು ಘಟ್ಟ. ಮುದ್ರಣ, ಸಂಕಲನ, ಅನುವಾದಗಳು ಅದನ್ನು ರೂಪಿಸಿವೆ. ಅಕ್ಕನನ್ನು ಒಂಟಿ ದನಿಯೆಂದು ಕೇಳುವ ನಾವೂ ಆಕೆಗೊಂದು ಪ್ರಶ್ನೆಯನ್ನು ಒಡ್ಡಿಯೇ ಕೇಳುತ್ತಿದ್ದೇವೆ. 15ನೆಯ ಶತಮಾನದ ಸಂಪಾದಕ ತನ್ನ ಪ್ರಶ್ನೆಯನ್ನು ಗದ್ಯದಲ್ಲಿ ಕಾಣುವಂತೆ ಬರೆದಿಟ್ಟ. ನಮ್ಮದನ್ನೂ ಹಾಗೆ ಬರೆದಿಟ್ಟುಕೊಂಡು ಓದುವುದು ವಚನಕ್ಕೂ ಇತಿಹಾಸಕ್ಕೂ ಸಲ್ಲಬೇಕಾದ ಪ್ರಾಮಾಣಿಕತೆ.