ಎಂಟನೇ ತಿಂಗಳಲ್ಲಿ ಬಸುರಿ ಎಲ್ಲಿದ್ದಳು? ಹಿರೇನಲ್ಲೂರು ಸೀಮೆಯಲ್ಲಿ ಗರ್ಭಾವಧಿಯ ಒತ್ತಡ, ಮಗುವಿನ ನಡವಳಿಕೆ ಮತ್ತು ಶ್ವಾಸಕೋಶ

ಗರ್ಭಿಣಿಯ ಒತ್ತಡಕ್ಕೂ ಮಗುವಿನ ನಡವಳಿಕೆ, ಉಸಿರಾಟಗಳಿಗೂ ನಂಟಿದೆ ಎಂಬುದರ ಬಗ್ಗೆ ಈಗ ಹೆಚ್ಚು ತಕರಾರಿಲ್ಲ. ತಾಯಿಯ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್‌ನ ಬಹುಪಾಲನ್ನು ಮಾಸು ತನ್ನ ಕಿಣ್ವದಿಂದ ನಿಷ್ಕ್ರಿಯಗೊಳಿಸುತ್ತದೆ. ಒತ್ತಡ ಬಹುಕಾಲ ಮುಂದುವರಿದರೆ ಈ ತಡೆ ದುರ್ಬಲವಾಗುತ್ತದೆಂದು ಪ್ರಾಣಿಪ್ರಯೋಗಗಳು ಸೂಚಿಸಿವೆ. ಇಂಗ್ಲೆಂಡಿನ ಏವನ್ ಅಧ್ಯಯನದಲ್ಲಿ, 32ನೇ ವಾರದಲ್ಲಿ ತೀವ್ರ ಆತಂಕದಲ್ಲಿದ್ದ ತಾಯಂದಿರ ಮಕ್ಕಳಿಗೆ ನಾಲ್ಕನೇ ವಯಸ್ಸಿನಲ್ಲಿ ನಡವಳಿಕೆಯ ತೊಂದರೆ (2002), ಏಳೂವರೆಯ ಹೊತ್ತಿಗೆ ಅಸ್ತಮಾ (2009) ಹೆಚ್ಚಾಗಿ ಕಂಡವು. ಕೆನಡಾದ ಕ್ವಿಬೆಕ್‌ನಲ್ಲಿ 1998ರ ಹಿಮಮಳೆಯ ವೇಳೆ ಗರ್ಭದಲ್ಲಿದ್ದವರ ಪೈಕಿ ಅಸ್ತಮಾದ ನಂಟು ಕಂಡದ್ದು ಹೆಣ್ಣುಮಕ್ಕಳಲ್ಲಿ ಮಾತ್ರ.

ನಮ್ಮಲ್ಲಿನ ಪುರಾವೆ ಚದುರಿಹೋಗಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಪರೀಕ್ಷಿಸಿದ 1997ರ ಅಧ್ಯಯನ, ಜನನತೂಕ ಕಡಿಮೆಯಿದ್ದಷ್ಟೂ ಶ್ವಾಸಕೋಶದ ಸಾಮರ್ಥ್ಯವೂ ಕಡಿಮೆಯೆಂದು ತೋರಿಸಿತು. ಅದು ತಾಯಂದಿರ ಒತ್ತಡವನ್ನು ಅಳೆದಿರಲಿಲ್ಲ. ದಕ್ಷಿಣ ಭಾರತದ ಹಳ್ಳಿಗಾಡಿನಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರೂ ಸೇರಿ ನಡೆಸಿದ ಅಧ್ಯಯನವೊಂದರಲ್ಲಿ (2015), ಗರ್ಭಾವಧಿಯಲ್ಲಿ ಖಿನ್ನತೆಯ ಲಕ್ಷಣ ಅತಿ ಹೆಚ್ಚಿದ್ದ ತಾಯಂದಿರ ಕೂಸುಗಳಷ್ಟೇ ಅಲ್ಲ, ಅತಿ ಕಡಿಮೆಯಿದ್ದವರ ಕೂಸುಗಳೂ ಎರಡು ತಿಂಗಳ ಚುಚ್ಚುಮದ್ದಿಗೆ ಹೆಚ್ಚು ಕಾರ್ಟಿಸಾಲ್ ಸ್ರವಿಸಿದವು. ಒತ್ತಡ ಏರಿದಂತೆ ಹಾನಿಯೂ ಏರುತ್ತದೆಂಬ ಸರಳ ಲೆಕ್ಕ ಇಲ್ಲಿಗೇ ಅಲುಗಾಡುತ್ತದೆ.

ನನ್ನ ತಕರಾರು 32ನೇ ವಾರದ ಅಳತೆಯನ್ನು ಹಾಗೆಯೇ ಇಲ್ಲಿಗೆ ತರುವುದರ ಬಗ್ಗೆ. ಬಾಬಾಬುಡನ್‌ಗಿರಿ ಸಾಲಿನ ಮೂಡಣಕ್ಕಿರುವ ಮಳೆನೆರಳಿನ ಸೀಮೆ ಕಡೂರು ತಾಲ್ಲೂಕಿನ ಹಿರೇನಲ್ಲೂರು ಹೋಬಳಿ. ಇಲ್ಲಿ ಒತ್ತಡವೆಂದರೆ ಒಂದು ದಿನದ ದುರಂತವಲ್ಲ: ಬೋರ್‌ವೆಲ್ ಬತ್ತುವುದು, ತೆಂಗಿನ ಸುಳಿ ಒಣಗುವುದು, ಮತ್ತೊಂದು ಬೋರ್ ಕೊರೆಸಲು ಸಾಲ ಎತ್ತುವುದು, ಬಿಂದಿಗೆ ಸಾಲಿಟ್ಟು ಟ್ಯಾಂಕರ್‌ಗೆ ಕಾಯುವುದು. ಇದೆಲ್ಲ ಗಂಡನ ಮನೆಯ ಪಾಡು. ಆದರೆ ಚೊಚ್ಚಲ ಬಸುರಿ ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ತವರಿಗೆ ಹೋಗುವುದು ವಾಡಿಕೆ. 32ನೇ ವಾರವೆಂದರೆ ಎಂಟನೇ ತಿಂಗಳು. ಆಗ ಪ್ರಶ್ನಾವಳಿ ಹಿಡಿದು ಹೋದವರಿಗೆ ಸಿಗುವುದು ಅವ್ವನ ಆರೈಕೆಯಲ್ಲಿರುವ ಮಗಳ ಮನಸ್ಥಿತಿ. ಹಿಂದಿನ ಆರು ತಿಂಗಳು ಅವಳು ಹೊತ್ತ ಕೊಡಗಳ ಲೆಕ್ಕವಲ್ಲ.

ಹೀಗಾಗಿ, ಕನಿಷ್ಠ ಚೊಚ್ಚಲ ಬಸುರಿಯರ ಮಟ್ಟಿಗೆ, ಕನಿಷ್ಠ ಬರದ ವರ್ಷಗಳಲ್ಲಿ, ಈ ಎರಡು ಅವಧಿಗಳನ್ನು ಒಂದೇ ಅಂಕಕ್ಕೆ ಇಳಿಸಿದರೆ ನಿಜವಾದ ನಂಟು ಮರೆಯಾಗುವ ಸಂಭವವಿದೆ ಎಂಬುದು ನನ್ನ ವಾದ. ತಾಯಿ ಕಾರ್ಡಿನಲ್ಲಿ ಕೊನೆಯ ಮುಟ್ಟಿನ ದಿನಾಂಕವಿದೆ. ಗ್ರಾಮ ಪಂಚಾಯ್ತಿಯಲ್ಲಿ ಟ್ಯಾಂಕರ್ ಬಿಲ್ಲುಗಳಿರುತ್ತವೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿದ 2023ರಂಥ ವರ್ಷದಲ್ಲಿ ಇವೆರಡನ್ನೂ ಜೋಡಿಸಿದರೆ, ಯಾವ ತಿಂಗಳ ಗರ್ಭಕ್ಕೆ ನೀರಿನ ಬವಣೆ ತಟ್ಟಿತೆಂಬುದನ್ನು ತಾಯಿಯ ನೆನಪಿಗೆ ಕಾಯದೆ ಗುರುತಿಸಬಹುದು. ಆದರೆ ಬವಣೆ ಬೇರೆ, ಅದು ಮನಸ್ಸಿಗೆ ತಟ್ಟುವ ಬಗೆ ಬೇರೆ. ಕ್ವಿಬೆಕ್ ತಂಡ ಎರಡನ್ನೂ ಪ್ರತ್ಯೇಕವಾಗಿ ಅಳೆದದ್ದು ಇದೇ ಕಾರಣಕ್ಕೆ.

ಎರಡನೇ ಬಸುರಿಗೆ ತವರಿನ ವಾಸ ಕಡಿಮೆ, ಆದ್ದರಿಂದ ಚೊಚ್ಚಲ ಮಗುವನ್ನು ಎರಡನೆಯದರೊಡನೆ ಹೋಲಿಸಿದರೆ ಸಾಕು ಎನ್ನಬಹುದು. ಸಾಲದು. ಅಲರ್ಜಿಗೆ ಜನನಕ್ರಮದ ನಂಟಿದೆಯೆಂದು 1989ರಲ್ಲೇ ಸ್ಟ್ರಾಚನ್ ತೋರಿಸಿದ್ದಾರೆ. ಚೊಚ್ಚಲು ಮಕ್ಕಳನ್ನೇ ತಮ್ಮತಮ್ಮಲ್ಲಿ ಹೋಲಿಸಬೇಕು: ತಾಯಿಯ ತವರು ಕಡೂರಿನ ಬಯಲಲ್ಲೋ, ಭದ್ರಾ ನಾಲೆಯ ನೀರು ಕಾಣುವ ತರೀಕೆರೆ ಕಡೆಯ ಊರಲ್ಲೋ ಎಂದು. ನೀರಾವರಿ ಸೀಮೆಯಿಂದ ಹೆಣ್ಣು ತರುವ ಮನೆಗಳು ಸ್ಥಿತಿವಂತವಾಗಿದ್ದರೆ ಈ ಹೋಲಿಕೆಯೂ ವಾಲುತ್ತದೆ. ಜಮೀನು, ಜಾತಿ, ಸಾಲಗಳ ವಿವರ ಸಂಗ್ರಹಿಸದೆ ಮುಂದುವರಿಯುವಂತಿಲ್ಲ.

ಶ್ವಾಸಕೋಶದ ವಿಚಾರ ಇನ್ನೂ ತೊಡಕಿನದು. ಅಡುಗೆಗೆ ಗ್ಯಾಸ್ ಬಂದಿರುವ ಮನೆಯಲ್ಲೂ ಬಚ್ಚಲ ಹಂಡೆಯ ಕೆಳಗೆ ತೆಂಗಿನ ಮಟ್ಟೆ, ಗರಿ ಉರಿಯುತ್ತಿರುತ್ತವೆ. ಬೆಳಗ್ಗೆ ಆ ಒಲೆಗೆ ಉರಿ ಹಾಕುವವಳು ಸಾಮಾನ್ಯವಾಗಿ ಸೊಸೆಯೇ. ತವರಿಗೆ ಹೋದಾಗ ನೀರು ಹೊರುವ ಕಷ್ಟದ ಜೊತೆಗೆ ಹೊಗೆಯೂ ಅವಳಿಗೆ ತಪ್ಪುತ್ತದೆ. ಅಡುಗೆ ಇಂಧನವನ್ನಷ್ಟೇ ಕೇಳುವ ಸಮೀಕ್ಷೆ ಈ ಹೊಗೆಯ ಪರಿಣಾಮವನ್ನು ಒತ್ತಡದ ಖಾತೆಗೆ ಬರೆದುಬಿಡುತ್ತದೆ. ಬಚ್ಚಲೊಲೆಯನ್ನು ಪ್ರತ್ಯೇಕವಾಗಿ ಕೇಳಿ ದಾಖಲಿಸಿದ ಮೇಲೂ, ನಡವಳಿಕೆ ಮತ್ತು ಶ್ವಾಸಕೋಶ ಒಂದೇ ಅವಧಿಯ ಒತ್ತಡಕ್ಕೆ ಈಡಾಗುತ್ತವೆಯೇ, ಹೆಣ್ಣು ಗಂಡು ಮಕ್ಕಳಲ್ಲಿ ಪರಿಣಾಮ ಬೇರೆಯೇ ಎಂಬ ಪ್ರಶ್ನೆಗಳಿಗೆ ಒಂದು ಹೋಬಳಿಯ ಹೆರಿಗೆಗಳ ಸಂಖ್ಯೆ ಸಾಲಲಾರದು. ಅವಕ್ಕೆ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕುಗಳ ಕೂಡು ದಾಖಲೆ ಬೇಕು.